ಭಾರ ಎಳೆಯುವ ಎಂಜಿನ್: ಹಾರ್ಸ್‌ಪವರ್ ಒಂದನ್ನೇ ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ಡೀಸೆಲ್ ದರ ಏರಿದಾಗಲೆಲ್ಲ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲೂ ಬೇರೆಡೆಯೂ ಒಂದು ಪ್ರಶ್ನೆ ಏಳುತ್ತದೆ: ‘ಅಮೆರಿಕದಲ್ಲಿ ಪೆಟ್ರೋಲ್ ಎಂಜಿನ್ನಿನ ಟ್ರಕ್ಕುಗಳೇ ದೊಡ್ಡ ದೊಡ್ಡ ಟ್ರೇಲರ್ ಎಳೆಯುತ್ತವಲ್ಲ, ನಮ್ಮ ಲಾರಿಗಳಿಗೆ ಮಾತ್ರ ಡೀಸೆಲ್ಲೇ ಏಕೆ ಬೇಕು?’ ಕೇಳಬೇಕಾದ ಪ್ರಶ್ನೆಯೇ. ಆದರೆ ಇದಕ್ಕೆ ಬರುವ ಉತ್ತರಗಳು ಹಾರ್ಸ್‌ಪವರ್ ಮತ್ತು ಮೈಲೇಜ್ ಎಂಬ ಎರಡು ಅಂಕಿಗಳ ಸುತ್ತಲೇ ತಿರುಗುತ್ತವೆ. ಎಳೆಯುವ ಕೆಲಸಕ್ಕೆ ಆ ಎರಡೂ ಸಾಲವು. ಎಷ್ಟು ತೂಕ, ಎಂಥ ಏರು, ದಿನಕ್ಕೆ ಎಷ್ಟು ಓಟ, ನಿಂತು ನಿಂತು ಓಡುವುದೋ ಒಂದೇ ಸಮನೆ ಓಡುವುದೋ ಎಂಬುದನ್ನು ನೋಡದೆ ಎಂಜಿನ್ ಆರಿಸಿದವರು ಡೀಸೆಲ್ ಕೊಂಡರೂ ಕೈಸುಟ್ಟುಕೊಳ್ಳುತ್ತಾರೆ, ಪೆಟ್ರೋಲ್ ಅಥವಾ ಸಿಎನ್‌ಜಿ ಕೊಂಡರೂ ಸುಟ್ಟುಕೊಳ್ಳುತ್ತಾರೆ.

ಮೊದಲು ಅಮೆರಿಕದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಒಂದೇ ಗಾಡಿಗೆ ಎರಡೂ ಎಂಜಿನ್ ಸಿಗುವುದರಿಂದ ಅಲ್ಲಿ ಹೋಲಿಕೆ ಸುಲಭ. ಫೋರ್ಡ್ ಸೂಪರ್ ಡ್ಯೂಟಿ ಪಿಕಪ್‌ನ 7.3 ಲೀಟರ್ ಪೆಟ್ರೋಲ್ ವಿ8 ಎಂಜಿನ್ನಿಗೆ 430 ಹಾರ್ಸ್‌ಪವರ್, 6.7 ಲೀಟರ್ ಟರ್ಬೊ ಡೀಸೆಲ್ಲಿಗೆ 475. ಇಷ್ಟೇ ಓದಿದವರಿಗೆ ಎರಡೂ ಹೆಚ್ಚುಕಡಿಮೆ ಒಂದೇ ಎನಿಸುತ್ತದೆ. ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ ನೋಡಿ: ಪೆಟ್ರೋಲಿಗೆ ಸುಮಾರು 657 ಎನ್‌ಎಂ (ನ್ಯೂಟನ್ ಮೀಟರ್), ಅದೂ 4000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಹತ್ತಿರ. ಡೀಸೆಲ್ಲಿಗೆ ಸುಮಾರು 1420 ಎನ್‌ಎಂ, ಅದು 1600 ಆರ್‌ಪಿಎಂಗೇ ಸಿಗುತ್ತದೆ. ಎಂಜಿನ್ 1600ರಲ್ಲಿ ತಿರುಗುತ್ತಿರುವಾಗ ಡೀಸೆಲ್ ಕೊಡುವುದು ಸುಮಾರು 320 ಹಾರ್ಸ್‌ಪವರ್. ಪೆಟ್ರೋಲ್ ಎಂಜಿನ್ ತನ್ನ ಪೂರ್ತಿ ಟಾರ್ಕನ್ನು ಅದೇ ವೇಗದಲ್ಲಿ ಕೊಟ್ಟಿತು ಎಂದು ಉದಾರವಾಗಿ ಲೆಕ್ಕ ಹಾಕಿದರೂ 150 ದಾಟುವುದಿಲ್ಲ. 430 ಎಂಬ ಅಂಕಿ ಕೈಗೆ ಬರಬೇಕಾದರೆ ಎಂಜಿನ್ 5500 ಆರ್‌ಪಿಎಂವರೆಗೆ ಕಿರುಚಬೇಕು.

ಟ್ರಕ್ಕು, ಟ್ರೇಲರ್ ಸೇರಿ ಹತ್ತು ಟನ್ ತೂಕ, ನೂರು ಮೀಟರಿಗೆ ಆರು ಮೀಟರ್ ಏರು, ವೇಗ ಗಂಟೆಗೆ 60 ಕಿ.ಮೀ. ಎಂದಿಟ್ಟುಕೊಳ್ಳಿ. ಏರಿನ ಎಳೆತ, ಟೈರಿನ ಘರ್ಷಣೆ, ಗಾಳಿಯ ತಡೆ, ಗೇರ್‌ಬಾಕ್ಸ್ ನಷ್ಟ ಎಲ್ಲ ಕೂಡಿಸಿದರೆ ಎಂಜಿನ್ ಕೊಡಬೇಕಾದದ್ದು ಸುಮಾರು 200 ಹಾರ್ಸ್‌ಪವರ್. ಡೀಸೆಲ್ ಇದನ್ನು 1600ರಿಂದ 1800 ಆರ್‌ಪಿಎಂನಲ್ಲಿ, ಇನ್ನೂ ಶಕ್ತಿ ಮಿಗಿಸಿಕೊಂಡು ಮಾಡುತ್ತದೆ. ಪೆಟ್ರೋಲ್ ಗಾಡಿ ಎರಡು ಮೂರು ಗೇರ್ ಇಳಿಸಿ 3500–4500ಕ್ಕೆ ಹೋಗಬೇಕಾಗುತ್ತದೆ. ಹತ್ತುವುದಂತೂ ಹತ್ತುತ್ತದೆ, ಅದರಲ್ಲಿ ಅನುಮಾನವಿಲ್ಲ. ಹತ್ತುವಾಗ ಒಳಗೆ ನಡೆಯುವುದು ಮಾತ್ರ ಬೇರೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನ ಬೆರೆತೇ ಸಿಲಿಂಡರಿನಲ್ಲಿ ಬೆಂಕಿಗೆ ಕಾಯುತ್ತಿರುತ್ತವೆ. ಒತ್ತಡ, ಬಿಸಿ ಮಿತಿ ಮೀರಿದರೆ ಪ್ಲಗ್ ಕಿಡಿ ಹೊತ್ತಿಸಿದ ಉರಿ ತಲುಪುವ ಮೊದಲೇ ಉಳಿದ ಮಿಶ್ರಣ ತಾನೇ ಸಿಡಿಯುತ್ತದೆ. ಇದೇ ನಾಕಿಂಗ್. ಕಂಪ್ರೆಷನ್ ಅನುಪಾತವನ್ನು, ಅಂದರೆ ಸಿಲಿಂಡರಿನಲ್ಲಿ ಎಷ್ಟು ಪಟ್ಟು ಒತ್ತಬೇಕು ಎಂಬುದನ್ನು 10.5ರ ಆಸುಪಾಸಿನಲ್ಲೇ ಇಡಬೇಕಾದದ್ದು ಇದರಿಂದಲೇ. ಡೀಸೆಲ್ಲಿನಲ್ಲಿ ಅದು 16ರ ಹತ್ತಿರ. ತುಂಬಿದ ಲೋಡಿನಲ್ಲಿ ನಾಕ್ ಸೆನ್ಸರ್ ಸುಳಿವು ಕೊಟ್ಟೊಡನೆ ಕಂಪ್ಯೂಟರು ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸುತ್ತದೆ, ಶಕ್ತಿ ಇಳಿಯುತ್ತದೆ. ಸೈಲೆನ್ಸರಿನ ದಾರಿಯಲ್ಲಿ ಹೊಗೆ ಶುದ್ಧಗೊಳಿಸುವ ಕ್ಯಾಟಲಿಸ್ಟ್ ಕರಗದಿರಲಿ ಎಂದು ಹೆಚ್ಚುವರಿ ಪೆಟ್ರೋಲ್ ಸುರಿದು ಹೊಗೆಯ ಬಿಸಿ ತಗ್ಗಿಸುತ್ತದೆ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಎಂಬ ಲೆಕ್ಕ ಆಗ 12.5ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಶಕ್ತಿಗಾಗಿ ಅಲ್ಲ, ಬರೀ ತಂಪಿಗಾಗಿ ಇಂಧನ ಹೋಗುತ್ತಿರುತ್ತದೆ. ಖಾಲಿ ಓಡುವಾಗ ಚೆನ್ನಾಗಿದ್ದ ಮೈಲೇಜು ಟ್ರೇಲರ್ ಕಟ್ಟಿದ ಕೂಡಲೇ ಅರ್ಧಕ್ಕೆ ಬೀಳುವುದರಲ್ಲಿ ಗಾಳಿಯ ತಡೆಯ ಜೊತೆಗೆ ಇದರ ಪಾಲೂ ಇದೆ. ಡೀಸೆಲ್ ಎಂಜಿನ್ ಬರೀ ಗಾಳಿಯನ್ನು ಒತ್ತಿ, ಕೊನೆಗೆ ಇಂಧನ ಚಿಮ್ಮಿಸುವುದರಿಂದ ಈ ತೊಂದರೆ ಇಲ್ಲ. ಯಾವಾಗಲೂ ಗಾಳಿ ಹೆಚ್ಚಿರುವುದರಿಂದ ಅದರ ಹೊಗೆಯೂ ಪೆಟ್ರೋಲಿನಷ್ಟು ಬಿಸಿ ಇರುವುದಿಲ್ಲ. ಇದರ ಮೇಲೆ, ಲೀಟರಿಗೆ ಲೀಟರ್ ಡೀಸೆಲ್ಲಿನಲ್ಲಿ ಶೇ 10ರಿಂದ 12ರಷ್ಟು ಹೆಚ್ಚು ಶಕ್ತಿ ಇದೆ. ನಮ್ಮ ಬಂಕುಗಳ ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲಿಗೆ ಹೋಲಿಸಿದರೆ ಆ ಅಂತರ ಶೇ 20ರ ಹತ್ತಿರ ಹೋಗುತ್ತದೆ. ಲೀಟರ್ ದರ ಹೋಲಿಸುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎತ್ತರದ ಪರಿಣಾಮವೂ ಇದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ, ಆ 7.3 ಲೀಟರ್ ಪೆಟ್ರೋಲಿನಂಥ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೊಲರಾಡೊದ ಐಸೆನ್‌ಹೋವರ್ ಸುರಂಗ ಸುಮಾರು 3400 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ತಲುಪುವಷ್ಟರಲ್ಲಿ ಆ 430ರಲ್ಲಿ ಉಳಿಯುವುದು ಮುನ್ನೂರರ ಸುತ್ತಮುತ್ತ. ನಮ್ಮ ಘಾಟಿಗಳಲ್ಲಿ ಇದು ದೊಡ್ಡ ಸಮಸ್ಯೆಯಲ್ಲ. ಸಕಲೇಶಪುರ ಒಂಬೈನೂರು ಚಿಲ್ಲರೆ ಮೀಟರ್, ಅಷ್ಟೇ.

ಹಾಗಾದರೆ ಪೆಟ್ರೋಲ್ ಕೊಳ್ಳುವ ಅಮೆರಿಕನ್ನರು ತಪ್ಪು ಮಾಡುತ್ತಿದ್ದಾರೆಯೇ? ಇಲ್ಲ. ಅಲ್ಲಿ ಡೀಸೆಲ್ ಎಂಜಿನ್ನಿಗೆ ಹತ್ತು ಸಾವಿರ ಡಾಲರಿನ ಆಸುಪಾಸು ಹೆಚ್ಚು ಕೊಡಬೇಕು, ಡೀಸೆಲ್ ದರವೂ ಸಾಮಾನ್ಯವಾಗಿ ಪೆಟ್ರೋಲಿಗಿಂತ ಹೆಚ್ಚು. ಟ್ರೇಲರ್ ಎಳೆಯುವಾಗ ಪೆಟ್ರೋಲ್ ಗಾಡಿ ಗ್ಯಾಲನ್ನಿಗೆ 8 ಮೈಲಿ, ಡೀಸೆಲ್ 11 ಮೈಲಿ ಕೊಡುತ್ತದೆ, ದರ 3.2 ಮತ್ತು 3.8 ಡಾಲರ್ ಎಂದುಕೊಂಡರೆ ಮೈಲಿಗೆ ಉಳಿಯುವುದು ಐದೂವರೆ ಸೆಂಟ್. ಹೆಚ್ಚು ಕೊಟ್ಟ ಹಣ ವಾಪಸಾಗಲು 1,80,000 ಮೈಲಿ ಎಳೆಯಬೇಕು. ಬೇಸಿಗೆ ರಜೆಯಲ್ಲಿ ನಾಲ್ಕು ಬಾರಿ ಕ್ಯಾಂಪಿಂಗ್ ಟ್ರೇಲರ್ ಕಟ್ಟುವ ಮನೆಯವರಿಗೆ ಅದು ಈ ಜನ್ಮಕ್ಕಾಗದು. ಆಯಿಲ್ ಬದಲಿಸಿದರೆ ಪೆಟ್ರೋಲಿಗೆ ಏಳೂವರೆ ಲೀಟರ್, ಡೀಸೆಲ್ಲಿಗೆ ಹನ್ನೆರಡು ಲೀಟರಿಗೂ ಮೇಲೆ, ಜೊತೆಗೆ ಡೀಸೆಲ್ ಫಿಲ್ಟರುಗಳು.

ಅಲ್ಲಿರುವ ಕನ್ನಡಿಗರು ದೊಡ್ಡ ಟ್ರೇಲರ್ ಕೊಳ್ಳುವ ಮುನ್ನ ಇನ್ನೊಂದು ಲೆಕ್ಕ ಹಾಕಲೇಬೇಕು. ಹಿಂಬದಿ ತೊಟ್ಟಿಯ ನಡುವೆ ಕೊಂಡಿ ಕೂರುವ ಟ್ರೇಲರ್ 6,350 ಕೆ.ಜಿ. ಇದ್ದರೆ ಅದರ ಶೇ 20ರಷ್ಟು, ಅಂದರೆ 1,270 ಕೆ.ಜಿ. ಟ್ರಕ್ಕಿನ ಮೇಲೆಯೇ ಕೂರುತ್ತದೆ. ಒಟ್ಟು ತೂಕದ ಮಿತಿ 4,536 ಕೆ.ಜಿ. ಇರುವ ಫೋರ್ಡ್ ಎಫ್-250 ಡೀಸೆಲ್ ಗಾಡಿಯದೇ ತೂಕ 3,400 ಇದ್ದರೆ ಹೊರಲು ಉಳಿದದ್ದು 1,136. ಮನೆಮಂದಿ ಹತ್ತುವ ಮೊದಲೇ ಮಿತಿ ದಾಟಿತು. ಎಂಜಿನ್ ಎಳೆಯಬಲ್ಲದು, ಸ್ಪ್ರಿಂಗು ಮತ್ತು ಆಕ್ಸಲ್ ಹೊರಲಾರವು. ಇನ್ನೂರು ಕೆ.ಜಿ.ಯಷ್ಟು ಹಗುರವಾದ ಪೆಟ್ರೋಲ್ ಗಾಡಿಗೆ ಅದೇ ಟ್ರೇಲರ್ ಕೂದಲೆಳೆಯಲ್ಲಿ ಹೊಂದಬಹುದು. ಡ್ರೈವರ್ ಬಾಗಿಲಿನ ಕಂಬಕ್ಕೆ ಅಂಟಿಸಿದ ಹಳದಿ ಚೀಟಿಯಲ್ಲಿ ಆ ಗಾಡಿ ಹೊರಬಲ್ಲ ತೂಕ ಬರೆದಿರುತ್ತದೆ. ಜಾಹೀರಾತಿನ ಟೋಯಿಂಗ್ ಅಂಕಿಗಿಂತ ಮೊದಲು ಓದಬೇಕಾದದ್ದು ಅದನ್ನು.

ಈಗ ನಮ್ಮ ಕಡೆಗೆ ಬರೋಣ. ಅಮೆರಿಕದ ಪಿಕಪ್ಪಿನಲ್ಲಿ ಹತ್ತು ಟನ್ನಿಗೆ 430 ಹಾರ್ಸ್‌ಪವರ್, ಅಂದರೆ ಟನ್ನಿಗೆ 43. ನಮ್ಮಲ್ಲಿ 55 ಟನ್ನಿನ ಟ್ರೇಲರ್ ಲಾರಿಗೆ 300ರ ಆಸುಪಾಸು, ಟನ್ನಿಗೆ ಐದೂವರೆ. ಅಮೆರಿಕದಲ್ಲೂ 36 ಟನ್ನಿನ ದೊಡ್ಡ ಲಾರಿಗಳು ಹೆಚ್ಚುಕಡಿಮೆ ಎಲ್ಲವೂ ಡೀಸೆಲ್ಲೇ ಎಂಬುದನ್ನು ಪೆಟ್ರೋಲ್ ಪರ ವಾದಿಸುವವರು ಹೇಳುವುದಿಲ್ಲ. ನಮ್ಮ 55 ಟನ್ನಿನ ಲಾರಿ ಶೇ 6ರ ಏರಿನಲ್ಲಿ ಪೂರ್ತಿ ಶಕ್ತಿ ಹಾಕಿದರೆ ಹೋಗುವುದು ಗಂಟೆಗೆ 19 ಕಿ.ಮೀ. ವೇಗದಲ್ಲಿ. ಮಂಗಳೂರು ಬಂದರಿನಿಂದ ಲೋಡ್ ಹೊತ್ತು ಶಿರಾಡಿ ಹತ್ತುವ ಎಂಜಿನ್ ಬಹು ಹೊತ್ತು ಪೂರ್ತಿ ಆಕ್ಸಲರೇಟರಿನಲ್ಲಿ, ಎದುರುಗಾಳಿಯ ತಂಪೂ ಇಲ್ಲದೆ ದುಡಿಯುತ್ತದೆ. ಪಿಕಪ್ ಎಂಜಿನ್ನಿಗೆ ಅಂಥ ದುಡಿಮೆ ಹತ್ತು ನಿಮಿಷದ್ದು. ಪೆಟ್ರೋಲ್ ಎಂಜಿನ್ನನ್ನು ಹಾಗೆ ದುಡಿಸಿದರೆ ಮೊದಲು ಹೋಗುವುದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟು ಮತ್ತು ಗ್ಯಾಸ್ಕೆಟ್, ಆಮೇಲೆ ವಾಲ್ವ್. ನಮ್ಮ ದೇಶದಲ್ಲೂ ಡಾಡ್ಜ್, ಫಾರ್ಗೊ ಪೆಟ್ರೋಲ್ ಲಾರಿಗಳು ಓಡಿದ್ದವು. 1954ರಲ್ಲಿ ಟಾಟಾ–ಮರ್ಸಿಡಿಸ್ ಡೀಸೆಲ್ ಲಾರಿ ಬಂದ ಮೇಲೆ ಮಾಲೀಕರು ಒಬ್ಬೊಬ್ಬರಾಗಿ ಅತ್ತ ಹೊರಳಿದರು.

ಸಿಎನ್‌ಜಿ ಲಾರಿಯೂ ಪೆಟ್ರೋಲಿನಂತೆ ಪ್ಲಗ್ ಕಿಡಿಯ ಎಂಜಿನ್ನೇ ಎಂಬುದನ್ನು ಕೊಳ್ಳುವವರು ಮರೆಯಬಾರದು. ಗ್ಯಾಸಿಗೆ ನಾಕಿಂಗ್ ಕಡಿಮೆ ಎಂಬುದು ಒಳ್ಳೆಯದೇ. ಆದರೆ ಉರಿ ಬಿಸಿ, ಇಂಧನ ಒಣ. ಗ್ಯಾಸಿಗೆಂದೇ ಗಟ್ಟಿ ಮಾಡದ ವಾಲ್ವ್ ಸೀಟುಗಳು ಬೇಗ ಸವೆಯುತ್ತವೆ. ಪ್ಲಗ್ಗು, ಕಾಯಿಲ್ ನಿಗದಿತ ಅವಧಿಗೆ ಬದಲಿಸದಿದ್ದರೆ ಘಾಟಿಯ ಲೋಡಿನಲ್ಲೇ ಮಿಸ್‌ಫೈರ್ ಶುರುವಾಗುತ್ತದೆ. ಉಕ್ಕಿನ ಸಿಲಿಂಡರುಗಳ ತೂಕ ಹೊರೆಯಿಂದ ಕಳೆಯುತ್ತದೆ, ಅವನ್ನು ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಮಾಡಿಸಬೇಕು. ಬೆಂಗಳೂರಿನೊಳಗೆ ತರಕಾರಿ, ಪಾರ್ಸೆಲ್ ಹಂಚುವ ಗಾಡಿಗೆ ಇದೇ ಸರಿಯಾದ ಎಂಜಿನ್. ಆ ಕೆಲಸಕ್ಕೆ ಬಿಎಸ್6 ಡೀಸೆಲ್ ಕೊಂಡವರೇ ಪಶ್ಚಾತ್ತಾಪ ಪಡುವುದು.

ಯಾಕೆಂದರೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಹೊಗೆ ನಿಯಮದ ಡೀಸೆಲ್ಲಿಗೆ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಆ ಮಸಿ ಸುಟ್ಟು ಹೋಗಲು 600 ಡಿಗ್ರಿಯಷ್ಟು ಬಿಸಿ ಬೇಕು. ಘಾಟಿ ಹತ್ತುವ ಲಾರಿಯಲ್ಲಿ ಆ ಬಿಸಿ ಸುಲಭವಾಗಿ ಒದಗುತ್ತದೆ. ಎರಡು ಕಿ.ಮೀ. ಓಡಿ ನಿಲ್ಲುವ, ಎಸಿಗಾಗಿ ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ನಿಲ್ಲುವ ಗಾಡಿಯಲ್ಲಿ ಒದಗುವುದಿಲ್ಲ. ಹೀಗೆ ಮಸಿ ಸುಡುವ ಕೆಲಸವನ್ನು (ರೀಜನರೇಷನ್) ಅರ್ಧಕ್ಕೆ ನಿಲ್ಲಿಸಿದಾಗ ಸಿಲಿಂಡರ್ ಒಳಗೇ ತಡವಾಗಿ ಡೀಸೆಲ್ ಚಿಮ್ಮಿಸುವ ಮಾದರಿಗಳಲ್ಲಿ ಆ ಡೀಸೆಲ್ ರಿಂಗ್ ದಾಟಿ ಆಯಿಲ್ಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಏರುತ್ತಿದ್ದರೆ ಅದು ಸಂತೋಷಪಡುವ ವಿಷಯವಲ್ಲ, ತೆಳುವಾದ ಆಯಿಲ್ಲಿನಲ್ಲಿ ಬೇರಿಂಗ್ ಸವೆಯುತ್ತಿದೆ ಎಂದು ಅರ್ಥ. ಡಿಪಿಎಫ್ ದೀಪ ಹತ್ತಿದಾಗ ಗಾಡಿ ಆಫ್ ಮಾಡದೆ ಹೆದ್ದಾರಿಗೆ ಇಳಿಸಿ ಓಡಿಸಿ, ಅಥವಾ ಒಣಹುಲ್ಲು, ಎಲೆ ಇಲ್ಲದ ಬಯಲಲ್ಲಿ ನಿಲ್ಲಿಸಿ ಪೂರ್ತಿ ಸುಡಲು ಬಿಡಿ. ಬಿಎಸ್6ಕ್ಕೆ ಹೇಳಿದ ಕಡಿಮೆ ಬೂದಿಯ ಆಯಿಲ್ಲೇ ಹಾಕಿ. ಮಸಿ ಸುಡುತ್ತದೆ, ಆಯಿಲ್ಲಿನ ಬೂದಿ ಸುಡುವುದಿಲ್ಲ.

ಎರಡನೆಯದು ಡಿಇಎಫ್, ಹೊಗೆಯ ನೈಟ್ರೋಜನ್ ಆಕ್ಸೈಡ್ (ನಾಕ್ಸ್) ತಗ್ಗಿಸಲು ಬಳಸುವ, ಬಂಕಿನಲ್ಲಿ ಎಲ್ಲರೂ ಯೂರಿಯಾ ಎನ್ನುವ ದ್ರವ. ಇದರಲ್ಲಿ ಯೂರಿಯಾ ಶೇ 32.5, ಉಳಿದದ್ದು ಖನಿಜ ತೆಗೆದ ನೀರು. ನೂರು ಲೀಟರ್ ಡೀಸೆಲ್ಲಿಗೆ ಸುಮಾರು 4ರಿಂದ 6 ಲೀಟರ್ ಖರ್ಚಾಗಬೇಕು. ತೀರಾ ಕಡಿಮೆ ಖರ್ಚಾಗುತ್ತಿದ್ದರೆ ಉಳಿತಾಯವಾಯಿತೆಂದು ಬಿಡಬೇಡಿ, ಡೋಸಿಂಗ್ ಇಂಜೆಕ್ಟರ್ ಕಟ್ಟಿಕೊಂಡಿರಬಹುದು. ಅದರ ಬಾಯಲ್ಲಿ ಬಿಳಿ ಹರಳು ಕಂಡರೆ ತಂತಿ ಬ್ರಷ್ಷಿನಿಂದ ಕೆರೆಯದೆ ಬಿಸಿನೀರಿನಲ್ಲಿ ಕರಗಿಸಿ. ಹೊಲಕ್ಕೆ ಹಾಕುವ ಬೇವು ಲೇಪಿತ ಯೂರಿಯಾವನ್ನು ನಲ್ಲಿ ನೀರಿಗೆ ಕದಡಿ ಕ್ಯಾನಿನಲ್ಲಿ ಮಾರುವ ದಂಧೆ ಇದೆ. ನೀರಿನ ಕ್ಯಾಲ್ಸಿಯಂ, ಲೇಪನದ ಎಣ್ಣೆ ಎರಡೂ ನಾಕ್ಸ್ ತಗ್ಗಿಸುವ ಎಸ್‌ಸಿಆರ್ ಕ್ಯಾಟಲಿಸ್ಟನ್ನು ಮುಚ್ಚುತ್ತವೆ, ಹೊಗೆಯ ನಾಕ್ಸ್ ಅಳೆಯುವ ಸೆನ್ಸರ್ ತಪ್ಪು ಹಿಡಿಯುತ್ತದೆ, ಎಂಜಿನ್ ತಾನೇ ಶಕ್ತಿ ಇಳಿಸುತ್ತದೆ. ಲೋಡ್ ಲಾರಿ ಘಾಟಿಯ ತಿರುವಿನಲ್ಲಿ ನಿಂತು ಹಿಂದೆ ಕಿಲೋಮೀಟರುಗಟ್ಟಲೆ ಸಾಲು ಬೆಳೆಯಲು ಇಂಥ ಒಂದು ಕ್ಯಾನ್ ಸಾಕು.

ಇಳಿಜಾರಿನಲ್ಲಿ ಪೆಟ್ರೋಲ್ ಎಂಜಿನ್ ಥ್ರಾಟಲ್ ಮುಚ್ಚಿಕೊಂಡು ತಾನೇ ಸ್ವಲ್ಪ ಹಿಡಿಯುತ್ತದೆ. ಡೀಸೆಲ್ಲಿಗೆ ಆ ಗುಣ ಕಡಿಮೆ, ಎಕ್ಸಾಸ್ಟ್ ಬ್ರೇಕ್ ಇರುವುದೇ ಅದಕ್ಕಾಗಿ. ಹತ್ತಿದ ಗೇರಿನಲ್ಲೇ, ಬೇಕಾದರೆ ಒಂದು ಕಡಿಮೆ ಗೇರಿನಲ್ಲಿ ಇಳಿಸಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವ ಅಭ್ಯಾಸ ಇನ್ನೂ ಹೋಗಿಲ್ಲ. ಗೇರಿನಲ್ಲಿ ಆಕ್ಸಲರೇಟರ್ ಬಿಟ್ಟಾಗ ಈಗಿನ ಕಾಮನ್‌ರೈಲ್ ಎಂಜಿನ್ನಿಗೆ ಇಂಧನ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲೇ ಐಡ್ಲಿಂಗ್‌ಗೆ ಡೀಸೆಲ್ ಸುಡುತ್ತದೆ. ಉಳಿತಾಯವೂ ಇಲ್ಲ, ಬ್ರೇಕ್ ಲೈನರ್ ಕಾದು ಹಿಡಿತವೂ ಹೋಗುತ್ತದೆ. ಏರು ಮುಗಿಸಿ ನಿಲ್ಲಿಸಿದಾಗ ಎರಡು ಮೂರು ನಿಮಿಷ ಐಡ್ಲಿಂಗ್ ಬಿಟ್ಟು ಆಫ್ ಮಾಡಿ, ಇಲ್ಲವಾದರೆ ಟರ್ಬೊ ಬೇರಿಂಗಿನಲ್ಲಿ ಆಯಿಲ್ ಸುಟ್ಟು ಕರಿಕಟ್ಟುತ್ತದೆ. ಬಂಕಿನಲ್ಲಿ ತಪ್ಪಿ ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್ ಬಿದ್ದರೆ ಕೀಲಿಯನ್ನೂ ತಿರುಗಿಸಬೇಡಿ. ಪೆಟ್ರೋಲಿಗೆ ಜಿಡ್ಡಿಲ್ಲ, ಹೈಪ್ರೆಷರ್ ಪಂಪು ಒಣಗಿ ಉಜ್ಜಿ, ಲೋಹದ ಪುಡಿ ಇಂಜೆಕ್ಟರಿನವರೆಗೂ ಹೋಗುತ್ತದೆ. ನಿಂತಲ್ಲೇ ಟ್ಯಾಂಕ್ ಖಾಲಿ ಮಾಡಿಸಿ, ಫಿಲ್ಟರ್ ಬದಲಿಸಿ.

ಪತ್ರಿಕೆಯಲ್ಲಿ ಹೊಸ ಲಾರಿ, ಪಿಕಪ್ ಬಗ್ಗೆ ಬರೆಯುವಾಗ ಟಾರ್ಕ್ ಎಷ್ಟು, ಯಾವ ಆರ್‌ಪಿಎಂಗೆ, ಒಟ್ಟು ತೂಕದ ಮಿತಿ ಎಷ್ಟು, ತುಂಬಿದ ಲೋಡಿನಲ್ಲಿ ಎಷ್ಟು ಏರು ಹತ್ತಬಲ್ಲದು ಎಂಬ ಅಂಕಿಗಳನ್ನು ಹಾರ್ಸ್‌ಪವರ್ ಪಕ್ಕದಲ್ಲೇ ಅಚ್ಚು ಹಾಕಬೇಕೆಂದು ವಿನಂತಿ. ಬಂಕಿನಲ್ಲಿ ಡೀಸೆಲ್ ಸಾಂದ್ರತೆ ನೋಡುವ ಹಕ್ಕು ಗಿರಾಕಿಗೆ ಇರುವಂತೆ, ಡಿಇಎಫ್ ಮಾರುವ ಪ್ರತಿಯೊಂದು ಕಡೆಯೂ ಶೇ 32.5 ಇದೆಯೇ ಎಂದು ನೋಡಲು ರಿಫ್ರ್ಯಾಕ್ಟೋಮೀಟರ್ ಇಡುವುದನ್ನು ಸರ್ಕಾರ ಕಡ್ಡಾಯ ಮಾಡಬೇಕು. ಉಪಕರಣ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಪರೀಕ್ಷೆಗೆ ಎರಡು ಹನಿ ದ್ರವ ಸಾಕು.

ಇತಿ ನಿಮ್ಮ ವಿಶ್ವಾಸಿ,
ಭಾರಿ ವಾಹನ ದುರಸ್ತಿ ಕಸುಬಿನ ಓದುಗ, ಹಾಸನ