ಡ್ಯೂಟಿ ಲಿಸ್ಟ್ ಒಮ್ಮೆ ತರಿಸಿಕೊಂಡು ನೋಡಿ ಸ್ವಾಮಿ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ಮಂಡ್ಯದಿಂದ ನಮಸ್ಕಾರ. ಆಸ್ಪತ್ರೆಗಳಲ್ಲಿ ಕಿರಿಯ ವೈದ್ಯರು, ನರ್ಸ್‌ಗಳು ನಿದ್ದೆಯಿಲ್ಲದೆ ಮಾಡುವ ಉದ್ದುದ್ದ ಡ್ಯೂಟಿ ಬಗ್ಗೆ ಈ ಕಾಗದ.

ನಾನು ನಿವೃತ್ತ ಬಸ್ ಡ್ರೈವರ್. ಆಸ್ಪತ್ರೆ ಬಗ್ಗೆ ಇವನಿಗೇನು ಗೊತ್ತು ಅನ್ನಬಹುದು. ನಿದ್ದೆ ಬಗ್ಗೆ ಗೊತ್ತು. ನೈಟ್ ಸರ್ವೀಸಿನಲ್ಲಿ ಬೆಳಗಿನ ಜಾವ ಮೂರರಿಂದ ಐದರ ಹೊತ್ತು ಬಲು ಕೆಟ್ಟದ್ದು. ಕಣ್ಣು ಬಿಟ್ಟೇ ಇರುತ್ತದೆ, ಆದರೆ ಮದ್ದೂರು ಯಾವಾಗ ದಾಟಿತು ಅಂತ ನೆನಪಿರುವುದಿಲ್ಲ. ಅದಕ್ಕೇ ನಮಗೆ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಇತ್ತು. ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಎರಡು ಡ್ಯೂಟಿ ನಡುವೆ ಕನಿಷ್ಠ 9 ಗಂಟೆ ಬಿಡುವು. ದಿನಾ ಪಾಲಿಸಿದರು ಅಂತ ಹೇಳಲ್ಲ. ತೋರಿಸಿ ಕೇಳೋಕೆ ಒಂದು ಕಾಗದ ಇತ್ತು, ಅಷ್ಟೆ.

ನನ್ನ ಮಗಳು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಪಿಜಿ, ಅಂದರೆ ಸ್ನಾತಕೋತ್ತರ ಓದುತ್ತಲೇ ಡ್ಯೂಟಿ ಮಾಡುವ ಡಾಕ್ಟರ್. ಬೆಳಿಗ್ಗೆ ಡ್ಯೂಟಿಗೆ ಹೋದವಳು ರಾತ್ರಿಯಿಡೀ ಕ್ಯಾಶುವಾಲ್ಟಿ ನೋಡಿ, ಮಾರನೇ ದಿನ ಮತ್ತೆ ರೌಂಡ್ಸ್, ಓಪಿಡಿ ಮುಗಿಸಿ ಸಂಜೆ ಹಾಸ್ಟೆಲಿಗೆ ಬರುತ್ತಾಳೆ. ನರ್ಸ್‌ಗಳ ಪಾಡೂ ಅದೇ. ರಿಲೀವರ್ ಬರದಿದ್ದರೆ ಡಬಲ್ ಡ್ಯೂಟಿ.

ಅವಳೊಮ್ಮೆ ನನಗೆ ಎರಡು ಸಿರಿಂಜ್ ತೋರಿಸಿದಳು. ಎರಡೂ ಇನ್ಸುಲಿನ್‌ಗೇ. ಒಂದು ಮಿಲಿಗೆ 40 ಯೂನಿಟ್ ಲೆಕ್ಕದ್ದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ಹಗಲಲ್ಲೇ ನನಗೆ ಗೊಂದಲವಾಯಿತು. 100ರ ಬಾಟಲಿಯ ಔಷಧವನ್ನು 40ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ರೋಗಿಗೆ ಶುಗರ್ ಇಳಿದು ಪ್ರಜ್ಞೆ ತಪ್ಪಬಹುದು, ಜೀವವೂ ಹೋಗಬಹುದು. ಬೆಳಗಿನ ಜಾವ ನಾಲ್ಕಕ್ಕೆ, ನಿನ್ನೆಯಿಂದ ಮಲಗದ ಕಣ್ಣಿನಲ್ಲಿ ಆ ಬಣ್ಣ ನೋಡಿ ಹೇಳಬೇಕು.

ಸತತ 24 ಗಂಟೆ ಎದ್ದಿದ್ದರೆ ಗಮನ ಎಷ್ಟು ಕುಂದುತ್ತದೆ ಅಂತ 1997ರಲ್ಲೇ ಆಸ್ಟ್ರೇಲಿಯಾದವರು ಅಳೆದು ತೋರಿಸಿದ್ದಾರೆ. 100 ಮಿಲಿ ರಕ್ತದಲ್ಲಿ ಸುಮಾರು 100 ಮಿಲಿಗ್ರಾಂ ಆಲ್ಕೋಹಾಲ್ ಇದ್ದಷ್ಟು. ನಮ್ಮಲ್ಲಿ ಡ್ರೈವರ್‌ಗೆ 30 ದಾಟಿದರೆ ಕೇಸು! ಅಮೆರಿಕದ ಐಸಿಯುಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 24 ಗಂಟೆ ಮೀರಿದ ಪಾಳಿ ಇದ್ದಾಗ ಕಿರಿಯ ವೈದ್ಯರಿಂದ ಗಂಭೀರ ತಪ್ಪುಗಳು ಶೇ. 36ರಷ್ಟು ಜಾಸ್ತಿಯಾಗಿದ್ದವು.

ಡಾಕ್ಟರ್‌ಗಳಿಗೂ ಕಾಗದ ಇಲ್ಲ ಅಂತಲ್ಲ. 1992ರಲ್ಲೇ ಕೇಂದ್ರ ಸರ್ಕಾರ ಮಗಳಂಥ ರೆಸಿಡೆಂಟ್ ವೈದ್ಯರಿಗೆ ಒಮ್ಮೆಗೆ 12 ಗಂಟೆ, ವಾರಕ್ಕೆ 48 ಗಂಟೆ ಎಂದಿತ್ತು. 2023ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಲ್ಲಿ ಕೆಲಸವೂ ವಿಶ್ರಾಂತಿಯೂ ಸಮಂಜಸವಾಗಿರಬೇಕು ಅಂತ ಇದೆ, ಎಷ್ಟು ಗಂಟೆ ಅಂತ ಇಲ್ಲ. ಇದನ್ನು ಹಿಡಿದುಕೊಂಡು ಮಗಳು ಯಾರ ಹತ್ತಿರ ವಾದ ಮಾಡಬೇಕು? ಡ್ಯೂಟಿ ಹಾಕುವ ಹಿರಿಯ ವೈದ್ಯರೇ ಪರೀಕ್ಷೆ ಪಾಸು ಮಾಡಿಸಬೇಕಾದವರೂ ಅಲ್ವಾ?

ಪಾಳಿ ಚಿಕ್ಕದಾದರೆ ರೋಗಿಯನ್ನು ಒಬ್ಬರಿಂದ ಒಬ್ಬರಿಗೆ ಒಪ್ಪಿಸುವಾಗ ಏನಾದರೂ ಬಿಟ್ಟುಹೋಗುತ್ತದೆ ಅಂತ ಹಿರಿಯ ವೈದ್ಯರು ಹೇಳುತ್ತಾರಂತೆ. ಸರಿಯೇ. ನಾವೂ ಬ್ರೇಕ್ ಒಂದು ಕಡೆ ಎಳೆಯುತ್ತೆ ಅಂತ ಬರೆದಿಟ್ಟೇ ಗಾಡಿ ಇಳಿಯುತ್ತಿದ್ದೆವು. ಬರೆದು ಒಪ್ಪಿಸಲು ಅರ್ಧ ಗಂಟೆ ಕೊಡಿ.

ರಾಜ್ಯದ ಆದೇಶದಲ್ಲಿ ಗಂಟೆಯ ಲೆಕ್ಕ ಹಾಕಿ. ನೈಟ್ ಡ್ಯೂಟಿ ಮಾರನೇ ದಿನ ಆಫ್ ಕಡ್ಡಾಯ ಮಾಡಿ. ಖಾಲಿ ಇರುವ ನರ್ಸ್ ಹುದ್ದೆ ತುಂಬಿ, ಇಲ್ಲದಿದ್ದರೆ ಆದೇಶ ಸುಮ್ನೆ ಕಾಗದವೇ. ಅದಕ್ಕೂ ಮುಂಚೆ ಮೈಸೂರು, ಮಂಡ್ಯದ ಆಸ್ಪತ್ರೆಗಳಿಂದ ಒಂದು ತಿಂಗಳ ಡ್ಯೂಟಿ ಲಿಸ್ಟ್ ತರಿಸಿಕೊಳ್ಳಿ. ಅದೇ ತಿಂಗಳ ಕೇಸ್ ಶೀಟ್‌ಗಳನ್ನೂ ಪಕ್ಕದಲ್ಲಿಟ್ಟು, ಯಾರ ಸಹಿ ಎಷ್ಟು ಹೊತ್ತಿಗೆ ಬಿದ್ದಿದೆ ನೋಡಿ. ಆಫ್ ಅಂತ ಬರೆದ ದಿನವೂ ಸಹಿ ಇದ್ದರೆ ಆಸ್ಪತ್ರೆ ಮುಖ್ಯಸ್ಥರನ್ನೇ ಕೇಳಿ, ಮಕ್ಕಳನ್ನು ಕೇಳಬೇಡಿ.

ಇಂತಿ,
ಒಬ್ಬ ನಿವೃತ್ತ ಬಸ್ ಡ್ರೈವರ್, ಮಂಡ್ಯ