ಹಲ್ಲು ಕಡಿಯುವ ಸದ್ದು

ನಂದಿನಿ ಬಡಾವಣೆ, ಬೆಂಗಳೂರು
ಶನಿವಾರ ರಾತ್ರಿ

ಚಿ. ಸುಮಾಳಿಗೆ ಅಪ್ಪನ ಆಶೀರ್ವಾದಗಳು.

ಈ ಕಾಗದದ ಜೊತೆ ಚಟ್ನಿಪುಡಿ, ನೀನು ಮರೆತುಹೋದ ಚಾರ್ಜರ್ ಮತ್ತು ನಿನ್ನ ನೀಲಿ ಡಬ್ಬಿ ಇವೆ. ನಿದ್ದೆಯಲ್ಲಿ ಕಡಿದರೂ ಹಲ್ಲು ಸವೆಯದಿರಲೆಂದು ನೀನು ಹಾಕಿಕೊಳ್ಳುವ ಪ್ಲಾಸ್ಟಿಕ್ ಕವಚ, ಆ ನೈಟ್ ಗಾರ್ಡ್, ಡಬ್ಬಿಯಲ್ಲಿದೆ. ಅದನ್ನು ಹಲ್ಲಿಗೆ ಹಾಕಿಕೊಳ್ಳಬೇಡ. ಅದು ಹಾಳಾಗಿದೆ. ಹಾಳು ಮಾಡಿದವನು ನಾನು.

ಭಾನುವಾರ ನಿನ್ನನ್ನು ನೋಡಲು ಬಂದವರ ಮುಂದೆ ನಡೆದದ್ದು ಇಬ್ಬರಿಗೂ ಗೊತ್ತಿದೆ, ಮತ್ತೆ ಬರೆಯುವುದಿಲ್ಲ. ಒಂದು ಮಾತು ಮಾತ್ರ: ನಾನು ಡಬ್ಬಿಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟದ್ದು ನಿನ್ನ ಅಮ್ಮನಿಗೆ ತಿಳಿದಿರಲಿಲ್ಲ. ಅವಳ ಫೋನನ್ನಾದರೂ ಎತ್ತು. ನೀನು ತಟ್ಟೆ ಬಿಟ್ಟು ಎದ್ದುಹೋದ ಮೇಲೆ ಮನಸ್ಸು ಕಸಿವಿಸಿಯಾಗಿ, ಕನಿಷ್ಠ ಅದನ್ನು ತೊಳೆದು ಕಳುಹಿಸೋಣವೆಂದು ಕುದಿಯುವ ನೀರಿಗೆ ಹಾಕಿದೆ. ಬಿಸಿನೀರಿಗೆ ಸಾಯದ ಕ್ರಿಮಿಯಿಲ್ಲ ಎಂದು ನಂಬಿ ಬೆಳೆದವನು ನಾನು. ಹತ್ತು ನಿಮಿಷದಲ್ಲಿ ಅದರ ಅಂಚು ಬಿಸಿಲಿಗಿಟ್ಟ ಹಪ್ಪಳದ ಹಾಗೆ ಮೇಲೆದ್ದಿತ್ತು. ಪೀಣ್ಯದಲ್ಲಿ 31 ವರ್ಷ ಗ್ರೈಂಡಿಂಗ್ ಯಂತ್ರದ ಮುಂದೆ ನಿಂತು ಮೈಕ್ರಾನ್ ಲೆಕ್ಕದಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ, ಉಕ್ಕನ್ನು ಸವೆಸಿದವನಿಗೆ ಪ್ಲಾಸ್ಟಿಕ್ ಬಿಸಿಗೆ ಬಾಗುತ್ತದೆ ಎಂಬುದು ಹೊಳೆಯಲಿಲ್ಲ ನೋಡು.

ಮಂಗಳವಾರ ಮೆಟ್ರೊ ಹತ್ತಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು, ಕೋಟೆಯ ಹತ್ತಿರದ ಸರ್ಕಾರಿ ದಂತ ಕಾಲೇಜಿಗೆ ಹೋದೆ. ಸರಿಮಾಡಿಸಿ, ನಿನಗೆ ತಿಳಿಯದ ಹಾಗೆ ಕಳುಹಿಸುವ ಯೋಚನೆ. ಅಲ್ಲಿದ್ದ ವೈದ್ಯೆಗೆ ನಿನ್ನದೇ ವಯಸ್ಸಿರಬೇಕು. ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, ಇದನ್ನು ನೆಟ್ಟಗೆ ಮಾಡಲು ಬರುವುದಿಲ್ಲ, ಮಗಳೇ ಬಂದು ಹೊಸದಾಗಿ ಅಚ್ಚು ಕೊಡಬೇಕು ಎಂದರು. ಆಮೇಲೆ ನನ್ನ ಬಾಯಿಯನ್ನೂ ನೋಡಿದರು. ಆ ವಿಷಯ ಕೊನೆಗೆ ಬರೆಯುತ್ತೇನೆ.

ಅಂದು ಹೆಚ್ಚು ಜನರಿರಲಿಲ್ಲ. ನಾನು ಕೇಳಿದ್ದಕ್ಕೆಲ್ಲ ಅವರು ಸಮಾಧಾನದಿಂದ ಉತ್ತರ ಕೊಟ್ಟರು. ಆಗ ತಿಳಿಯಿತು, ಇಪ್ಪತ್ತೆರಡು ವರ್ಷಗಳಿಂದ ನಾನು ನಿನ್ನ ಈ ತೊಂದರೆಯ ಕಾರಣವನ್ನು ತಪ್ಪು ಜಾಗಗಳಲ್ಲಿ ಹುಡುಕಿದ್ದೇನೆ.

ಮೊದಲು ಹೊಟ್ಟೆಯಲ್ಲಿ ಹುಡುಕಿದೆ. ಮಗು ನಿದ್ದೆಯಲ್ಲಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳ ಎಂದು ನಿನ್ನ ಅಜ್ಜಿ ಹೇಳಿದ್ದರು. ಹುಳದ ಮಾತ್ರೆ ಆಯಿತು, ನಿಲ್ಲಲಿಲ್ಲ. ಬೇವಿನ ಎಲೆ ಅರೆದು ಉಂಡೆ ಮಾಡಿ, ಮೂಗು ಹಿಡಿದು ನುಂಗಿಸಿದ್ದಾಯಿತು, ನಿಲ್ಲಲಿಲ್ಲ. ಹುಳಕ್ಕೆ ಮಾತ್ರೆ ಕೊಡುವುದು ಒಳ್ಳೆಯದೇ, ಈಗ ಫೆಬ್ರುವರಿ 10ರಂದು ಶಾಲೆಗಳಲ್ಲೇ ಕೊಡುತ್ತಾರೆ, ಆದರೆ ಹಲ್ಲು ಕಡಿಯುವುದಕ್ಕೆ ಅದು ಔಷಧವಲ್ಲ ಎಂದರು ವೈದ್ಯೆ. ಚಿಕ್ಕ ಮಕ್ಕಳಲ್ಲಿ ಇದು ತೀರ ಸಾಮಾನ್ಯವಂತೆ, ಬಹಳಷ್ಟು ಮಕ್ಕಳಿಗೆ ಬೆಳೆಯುತ್ತ ತಾನಾಗಿ ಕಡಿಮೆಯಾಗುತ್ತದಂತೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಉಳಿಯುತ್ತದೆ. ಆ ಎಂಟರಲ್ಲಿ ನೀನೊಬ್ಬಳು.

ಲಗ್ಗೆರೆಯ ಒಂದೇ ಕೋಣೆಯ ಮನೆ ನಿನಗೆ ಎಷ್ಟು ನೆನಪಿದೆಯೋ ತಿಳಿಯದು. ಮೂವರಿಗೂ ಸಾಲಾಗಿ ಚಾಪೆ. ನಿನಗೆ ಆರು ವರ್ಷ. ಕಾರ್ಖಾನೆಯಲ್ಲಿ ಆಗ ಅರ್ಧ ಸಂಬಳ. ಯಾರನ್ನು ತೆಗೆಯುತ್ತಾರೆ, ಯಾರನ್ನು ಉಳಿಸಿಕೊಳ್ಳುತ್ತಾರೆ ಎಂದು ದಿನವೂ ಮಾತು. ಒಂದು ರಾತ್ರಿ ಎರಡನೆಯ ಪಾಳಿ ಮುಗಿಸಿ ಬಂದು ಮಲಗಿದ್ದೆ, ನಿದ್ದೆ ಹತ್ತಿರಲಿಲ್ಲ. ನೀನು ಶುರುಮಾಡಿದೆ. ಕಲ್ಲಿಗೆ ಕಲ್ಲು ಉಜ್ಜಿದ ಹಾಗೆ, ಸ್ವಲ್ಪ ಹೊತ್ತು ನಿಂತು ಮತ್ತೆ. ಪಾಳಿಯುದ್ದಕ್ಕೂ ಅದೇ ಸದ್ದು ಕೇಳಿ ಬಂದಿದ್ದೆ. ಎದ್ದು ಕುಳಿತವನು ಮಲಗಿದ್ದ ನಿನ್ನ ಕೆನ್ನೆಗೆ ಹೊಡೆದೆ.

ನೀನು ಅಳಲಿಲ್ಲ. ಎದ್ದು ಕುಳಿತು, ಬೆಳಗಾಯಿತೆಂದುಕೊಂಡು, ಹೊದಿಕೆ ಮಡಚತೊಡಗಿದೆ. “ಸ್ಕೂಲಿಗೆ ಹೊತ್ತಾಯಿತಾ ಅಪ್ಪ?” ಎಂದೆ. ಮಲಗು, ಇನ್ನೂ ರಾತ್ರಿ ಎಂದೆ ನಾನು. ಮಡಚಿದ ಹೊದಿಕೆಯನ್ನು ಬಿಡಿಸಿಕೊಂಡು ನೀನು ಮಲಗಿದೆ. ಅಷ್ಟೇ.

ಹೋಗಲಿ. ನಿನಗೆ ನೆನಪಿರಲಾರದು.

ಎರಡನೆಯದಾಗಿ ಹಲ್ಲಿನಲ್ಲೇ ಹುಡುಕಿದೆ. ನೀನು ಪಿಯುಸಿ ಓದುವಾಗ ನಮ್ಮ ಕಡೆಯ ದಂತವೈದ್ಯರೊಬ್ಬರು ನೀಲಿ ಕಾಗದ ಕಚ್ಚಿಸಿ, ಎಲ್ಲಿ ಗುರುತು ಗಾಢವಾಗಿ ಬಿತ್ತೋ ಅಲ್ಲಿ ಹಲ್ಲು ಎತ್ತರವಾಗಿದೆ, ತಗ್ಗಿಸಿದರೆ ಕಡಿಯುವುದು ನಿಲ್ಲುತ್ತದೆ ಎಂದರು. ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ! ನಮ್ಮ ಟೂಲ್‌ರೂಮಿನಲ್ಲಿ ನಡೆಯುವುದೂ ಅದೇ: ಸಮತಟ್ಟಾದ ಹಲಗೆಗೆ ನೀಲಿ ಬಣ್ಣ ಸವರಿ, ಕೆಲಸದ ತುಂಡನ್ನು ಅದರ ಮೇಲೆ ಉಜ್ಜಿ, ಬಣ್ಣ ಹತ್ತಿದ ಉಬ್ಬನ್ನು ಕೆರೆಯುವುದು. ಇವರು ನಮ್ಮವರೇ ಎನ್ನಿಸಿತು. ನೀನು ಕುರ್ಚಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದರೆ, ಪಕ್ಕದಲ್ಲಿ ನಿಂತು “ಇನ್ನೊಂದಿಷ್ಟು ತೆಗೆಯಬಹುದಲ್ಲವೇ?” ಎಂದು ಕೇಳಿದವನು ನಾನು.

ಹಲ್ಲುಗಳ ಎತ್ತರ ತಗ್ಗು ಇದಕ್ಕೆ ಕಾರಣ ಎಂದು ಹಿಂದೆ ಬಹಳ ಜನ ನಂಬಿದ್ದರಂತೆ, ಈಗ ಆ ಮಾತನ್ನು ಒಪ್ಪುವುದಿಲ್ಲವಂತೆ. ದವಡೆ ಹಲ್ಲಿನ ಹೊರಗಿನ ಗಟ್ಟಿ ಪದರ, ಎನಾಮಲ್, ಅತಿ ದಪ್ಪವಿರುವಲ್ಲಿ ಸುಮಾರು ಎರಡೂವರೆ ಮಿಲಿಮೀಟರ್. ಊಟ ತಿಂಡಿಯಲ್ಲಿ ಅದು ಸಹಜವಾಗಿ ಸವೆಯುವುದು ವರ್ಷಕ್ಕೆ ಸುಮಾರು 30 ಮೈಕ್ರಾನ್. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹುಟ್ಟಿ ಹೊರಬರುವ ಹೊತ್ತಿಗೇ ಇಲ್ಲವಾಗುತ್ತವೆ, ಹಾಗಾಗಿ ಹೋದದ್ದು ಹೋಯಿತು. ನಾನು ಹಣ ಕೊಟ್ಟು ತೆಗೆಸಿದ್ದು ಎಷ್ಟು ವರ್ಷಗಳ ಸವೆತ ಎಂದು ರಾತ್ರಿ ಲೆಕ್ಕ ಹಾಕಿದೆ. ಉತ್ತರ ಬರೆಯುವುದಿಲ್ಲ. ತಣ್ಣನೆಯ ನೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದು ನೀನು ಹೇಳಿದಾಗಲೆಲ್ಲ ಬೆಚ್ಚಗಿನ ನೀರು ಕುಡಿ ಎಂದಿದ್ದೇನೆ.

ಮೂರನೆಯದಾಗಿ ನಿನ್ನ ಸ್ವಭಾವದಲ್ಲಿ ಹುಡುಕಿದೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ನಮ್ಮ ಮಾತಿನಲ್ಲಿ ಹಲ್ಲು ಕಡಿಯುವುದೆಂದರೆ ಸಿಟ್ಟು, ಹಲ್ಲು ಮಸೆಯುವುದೆಂದರೆ ಹಗೆ. ನೀನು ಎಂಜಿನಿಯರಿಂಗ್ ಸೇರಿದ ವರ್ಷ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗಿತ್ತಲ್ಲ, ಆಗ ರಾತ್ರಿ ಪಕ್ಕದ ಕೋಣೆಯಿಂದ ಆ ಸದ್ದು ಬಂದರೆ ಇವಳು ನನ್ನ ಮೇಲೆಯೇ ಹಲ್ಲು ಮಸೆಯುತ್ತಿದ್ದಾಳೆ ಎಂದುಕೊಂಡು ಮಲಗುತ್ತಿದ್ದೆ. ಹಗಲಲ್ಲಿ ನೀನು ನಗುತ್ತ ಕಾಫಿ ಕೊಟ್ಟರೂ ರಾತ್ರಿಯದ್ದೇ ನಿಜವಾದ ಮಾತು ಎಂದು ನನಗೆ ಅನುಮಾನ.

ಅಸಲು ಆಗುವುದು ಹೀಗಂತೆ. ನಿದ್ದೆಯಲ್ಲಿ ಮಿದುಳು ಆಗಾಗ ಕೆಲವು ಸೆಕೆಂಡುಗಳ ಮಟ್ಟಿಗೆ ಅರೆ ಎಚ್ಚರಕ್ಕೆ ಬರುತ್ತದೆ, ಎಲ್ಲರಿಗೂ. ಹಲ್ಲು ಕಡಿಯುವವರಲ್ಲಿ ಆ ಹೊತ್ತಿಗೆ ಮೊದಲು ಎದೆಬಡಿತ ಏರುತ್ತದೆ, ಅದರ ಬೆನ್ನಿಗೇ ದವಡೆಯ ಸ್ನಾಯು ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಬಿಗಿದು ಸಡಿಲವಾಗುತ್ತದೆ. ಮಲಗಿದವರಿಗೆ ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ಕಣತಲೆ ನೋಯುತ್ತದೆ, ದವಡೆ ದಣಿದಿರುತ್ತದೆ, ಅಷ್ಟೇ. ಚಿಂತೆ ಇದನ್ನು ಹೆಚ್ಚಿಸಬಹುದು, ಆದರೆ ಚಿಂತೆಯೊಂದೇ ಕಾರಣವೆನ್ನಲು ಬರುವುದಿಲ್ಲ. ಅಂದರೆ ಲಗ್ಗೆರೆಯಲ್ಲಿ ಆ ಸದ್ದು ನನ್ನ ಕಿವಿಗೆ ಬೀಳುವಷ್ಟರಲ್ಲಿ ನಿನ್ನ ಎದೆ ಆಗಲೇ ಹೊಡೆದುಕೊಳ್ಳುತ್ತಿತ್ತು. ಅದರ ಮೇಲೆ ನನ್ನ ಏಟು. ಆರು ವರ್ಷದ ಮಗು ಹೊಡೆಸಿಕೊಂಡ ಮೇಲೆ ಹೊದಿಕೆ ಯಾಕೆ ಮಡಚಬೇಕು? ಅಳಬೇಕಿತ್ತು. ಅತ್ತಿದ್ದರೆ ನಿನ್ನ ಅಮ್ಮ ಎದ್ದು ನನಗೆ ನಾಲ್ಕು ಮಾತು ಬೈದು, ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ಹಗಲಿನದು ಬೇರೆ, ಅದು ಸ್ವಲ್ಪ ನಮ್ಮ ಕೈಯಲ್ಲಿದೆ. ನೀನು ಮನೆಯಿಂದ ಕೆಲಸ ಮಾಡುವಾಗ ನೋಡಿದ್ದೇನೆ: ಕಿವಿಗೆ ಹೆಡ್‌ಫೋನ್, ತೆರೆಯ ಮೇಲೆ ಯಾರೋ ಮಾತನಾಡುತ್ತಿರುತ್ತಾರೆ, ನೀನು ಅವುಡುಗಚ್ಚಿ ಕುಳಿತಿರುತ್ತೀಯ, ಕೆನ್ನೆಯ ಹಿಂಬದಿಯಲ್ಲಿ ಗಂಟು ಎದ್ದು ಕಾಣುತ್ತದೆ. ಸುಮ್ಮನಿರುವಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಬಾರದು, 2ರಿಂದ 4 ಮಿಲಿಮೀಟರ್ ತೆರವು ಇರಬೇಕು. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಕಂಪ್ಯೂಟರಿನ ಅಂಚಿಗೆ ಒಂದು ಬಿಂದಿ ಅಂಟಿಸಿಕೋ, ಅದನ್ನು ಕಂಡಾಗಲೆಲ್ಲ ದವಡೆ ಸಡಿಲ ಬಿಡು. ಸಂಜೆಯ ಮೇಲೆ ಕಾಫಿ ಬೇಡ. ಮದ್ಯ ಮತ್ತು ಸಿಗರೇಟು ಕೂಡ ಇದನ್ನು ಹೆಚ್ಚಿಸುತ್ತವಂತೆ. ನಾನು ಏನನ್ನೂ ಕೇಳುತ್ತಿಲ್ಲ, ತಿಳಿದದ್ದನ್ನು ಬರೆಯುತ್ತಿದ್ದೇನೆ. ರಾತ್ರಿ ಹನ್ನೊಂದಕ್ಕೆ ಅಮೆರಿಕದವರ ಜೊತೆ ಮೀಟಿಂಗ್ ಇದ್ದರೆ ಮುಗಿದ ಕೂಡಲೇ ಮಲಗಬೇಡ, ಸ್ವಲ್ಪ ಓಡಾಡು. ಗೊರಕೆ ಬಂದು ಉಸಿರು ಕಟ್ಟಿದಂತಾಗುತ್ತದೆಯೇ ಎಂದು ಜೊತೆಯಲ್ಲಿರುವ ಹುಡುಗಿಯನ್ನು ಕೇಳು, ಅದಿದ್ದರೆ ಬೇರೆಯೇ ಪರೀಕ್ಷೆ ಮಾಡಿಸಬೇಕು. ಊಟ ಹೊತ್ತಿಗೆ ಸರಿಯಾಗಿ... ನೋಡು, ಭಾಷಣ ಬೇಡವೆಂದು ಕುಳಿತವನು ಎಲ್ಲಿಗೆ ಬಂದೆ.

ಇನ್ನೊಂದು ಇದೆ. ಹೇಗೆ ಬರೆಯಬೇಕೆಂದು ತಿಳಿಯುತ್ತಿಲ್ಲ. ಕಪಾಟಿನಲ್ಲಿ ಡಬ್ಬಿಯ ಪಕ್ಕದಲ್ಲಿ ಒಂದು ಮಾತ್ರೆಯ ಪಟ್ಟಿ ಇತ್ತು. ಅದರ ಹೆಸರು ಬರೆದುಕೊಂಡೆ. ಹೌದು, ತಪ್ಪು. ಅದನ್ನು ವೈದ್ಯೆಗೆ ತೋರಿಸಿದೆ, ಅದೂ ತಪ್ಪು. ಅದು ಯಾತಕ್ಕೆ ಕೊಡುವ ಮಾತ್ರೆ ಎಂದು ಅವರು ಹೇಳಲು ಹಿಂದೆಮುಂದೆ ನೋಡಿದರು, ನಾನು ಅಲ್ಲಿಗೇ ಬಿಟ್ಟೆ. ಪಟ್ಟಿಯ ಹಿಂದೆ ಬರೆದದ್ದು ಓದಿಕೊಂಡಿದ್ದೆ. ಮನಸ್ಸಿನ ಖಿನ್ನತೆಗೆ, ಆತಂಕಕ್ಕೆ ಕೊಡುವ ಕೆಲವು ಮಾತ್ರೆಗಳಿಂದ ಕೆಲವರಿಗೆ ಹಲ್ಲು ಕಡಿಯುವುದು ಹೆಚ್ಚಾಗುತ್ತದಂತೆ. ಹಾಗೆಂದು ನೀನಾಗಿ ನಿಲ್ಲಿಸಬಾರದು. ಬರೆದುಕೊಟ್ಟ ವೈದ್ಯರಿಗೆ ಹೀಗಾಗುತ್ತಿದೆ ಎಂದು ಹೇಳು, ಅವರು ಪ್ರಮಾಣ ಬದಲಿಸುತ್ತಾರೋ ಬೇರೆ ಕೊಡುತ್ತಾರೋ ನೋಡುತ್ತಾರೆ. ಯಾವಾಗಿನಿಂದ ಎಂದು ಕೇಳಲು ನಾಲ್ಕು ಸಲ ಫೋನ್ ಕೈಗೆತ್ತಿಕೊಂಡೆ. ಕೇಳುವುದಿಲ್ಲ. ನಿನ್ನ ಅಮ್ಮನಿಗೂ ಹೇಳಿಲ್ಲ. ನೀನೇ ಒಬ್ಬಳೇ ಹೋಗಿ ತೋರಿಸಿಕೊಂಡೆಯಲ್ಲ, ನನ್ನಲ್ಲಿ ಆ ಧೈರ್ಯ ಆ ವಯಸ್ಸಿನಲ್ಲಿ ಇರಲಿಲ್ಲ, ಈಗಲೂ ಇಲ್ಲ.

ಭಾನುವಾರ ಬಂದವರಿಂದ ಫೋನ್ ಬಂದಿಲ್ಲ. ಅಷ್ಟು ಜನರ ಮುಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ನೈಟ್ ಗಾರ್ಡ್ ಎಲ್ಲಿ ಎಂದು ನೀನು ಕೇಳಿದಾಗ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತ್ತು. ಈಗ ನೆನೆದರೆ ಸ್ವಲ್ಪ ನಗು, ಸ್ವಲ್ಪ ಹೆಮ್ಮೆ. ಸ್ವಲ್ಪ ಚಿಂತೆ ಇಲ್ಲವೆಂದರೆ ಸುಳ್ಳಾಗುತ್ತದೆ.

ಈಗ ನನ್ನ ಬಾಯಿಯ ವಿಷಯ. ಮನೆಯಲ್ಲಿ ಇನ್ನಾರಿಗಾದರೂ ಇದೆಯೇ ಎಂದು ವೈದ್ಯೆ ಕೇಳಿದರು, ಇದು ಕುಟುಂಬಗಳಲ್ಲಿ ಹರಿದು ಬರುವುದುಂಟಂತೆ. ಯಾರಿಗೂ ಇಲ್ಲ ಎಂದು ಎದೆತಟ್ಟಿ ಹೇಳಿದೆ. ಒಮ್ಮೆ ಬಾಯಿ ತೆರೆಯಿರಿ ಎಂದು ಕನ್ನಡಿ ಹಿಡಿದು ತೋರಿಸಿದರು. ನನ್ನ ಕೋರೆಹಲ್ಲುಗಳಿಗೆ ಮೊನೆಯೇ ಇಲ್ಲ. ಪಕ್ಕದ ಹಲ್ಲಿನ ಮಟ್ಟಕ್ಕೆ ಸರಿಯಾಗಿ, ನನ್ನ ಯಂತ್ರದಿಂದಲೇ ಇಳಿಸಿದ ಹಾಗೆ ಚಪ್ಪಟೆ. ಕೆಲಸ ನೋಡಿದರೆ ಒಳ್ಳೆಯ ಕೆಲಸಗಾರನೇ ಮಾಡಿದ್ದು.

ಮನೆಗೆ ಬಂದು ನಿನ್ನ ಅಮ್ಮನನ್ನು ಕೇಳಿದೆ. ಅವರೆಕಾಯಿ ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ. “ಮದುವೆಯಾದ ವಾರದಿಂದ ಕೇಳುತ್ತಿದ್ದೇನೆ” ಎಂದಳು. ಇಷ್ಟು ವರ್ಷ ಹೇಳಲಿಲ್ಲವೇಕೆ ಎಂದರೆ, “ಹಗಲು ಮಾಡಿದ ಕೆಲಸವನ್ನೇ ರಾತ್ರಿಯೂ ಮುಂದುವರಿಸುತ್ತಿದ್ದೀರಿ ಎಂದುಕೊಂಡೆ” ಎಂದಳು. ಲಗ್ಗೆರೆಯ ಮನೆಯಲ್ಲೂ ಇತ್ತೇ ಎಂದು ಕೇಳಿದೆ. “ಅಲ್ಲಿ ಅಪ್ಪ ಮಗಳು ಇಬ್ಬರದೂ ಇತ್ತು. ನಡುವೆ ಮಲಗುತ್ತಿದ್ದವಳು ನಾನು.” ನಿನ್ನನ್ನು ಎಬ್ಬಿಸಿ ಹೊಡೆದ ರಾತ್ರಿ ಅವಳು ಎಚ್ಚರವಾಗಿದ್ದಳೋ ಏನೋ, ಅದನ್ನು ಕೇಳುವ ಧೈರ್ಯವಾಗಲಿಲ್ಲ. ನಿನ್ನನ್ನಾದರೂ ಕೇಳುತ್ತೇನೆ: ಆ ರಾತ್ರಿ ನಿನಗೆ ನೆನಪಿದೆಯೇ?

ನನಗೂ ಒಂದು ಗಾರ್ಡ್ ಮಾಡುತ್ತಾರಂತೆ. ಅದು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಹಲ್ಲನ್ನು ಕಾಯುತ್ತದೆ. ಅಚ್ಚು ಕೊಡಲು ಗುರುವಾರ ಬೆಳಿಗ್ಗೆ ಬರಹೇಳಿದ್ದಾರೆ. ನಿನ್ನದನ್ನೂ ಅಂದೇ ತೆಗೆದುಕೊಳ್ಳಬಹುದೇ ಎಂದು ಕೇಳಿದ್ದಕ್ಕೆ ಆಗಲಿ ಎಂದಿದ್ದಾರೆ, ಹಣ ನನ್ನದು. ಒಂಬತ್ತು ಗಂಟೆಗೆ ಮಾರುಕಟ್ಟೆಯ ಮೆಟ್ರೊ ನಿಲ್ದಾಣದ ಹೊರಗೆ ನಿಂತಿರುತ್ತೇನೆ, ಹತ್ತರವರೆಗೆ ಕಾಯುತ್ತೇನೆ. ರಜೆ ಸಿಗದಿದ್ದರೆ ಫೋನ್ ಮಾಡಬೇಕಾಗಿಲ್ಲ, ಎರಡು ಅಕ್ಷರ ಮೆಸೇಜ್ ಹಾಕಿದರೆ ಸಾಕು. ಬರುವುದಾದರೆ ಹೋದ ಸಲದ ಉಪ್ಪಿನಕಾಯಿ ಜಾಡಿಯನ್ನು ತಾ, ನಿನ್ನ ಅಮ್ಮ ಎರಡು ಸಲ ಕೇಳಿದ್ದಾಳೆ.

ನಿನ್ನ
ಅಪ್ಪ