ಟಿಕ್ ತೆಗೆಸುವ ಸಹಾಯವಾಣಿ

ಮಾನ್ಯ ಸಂಪಾದಕರೇ,

ಚನ್ನರಾಯಪಟ್ಟಣದಲ್ಲಿ ಹದಿನೆಂಟು ವರ್ಷಗಳಿಂದ ಕಂಪ್ಯೂಟರ್ ದುರಸ್ತಿ ಮಾಡಿಕೊಂಡಿದ್ದೇನೆ. ಸುತ್ತಲಿನ ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಲ್ಲಿ ಯಂತ್ರ ಕೆಟ್ಟರೆ ಸಾಮಾನ್ಯವಾಗಿ ನನಗೇ ಕರೆ ಬರುತ್ತದೆ. ಕಳೆದ ತಿಂಗಳು ಒಂದು ಸಂಘಕ್ಕೆ ಪ್ರಿಂಟರ್ ನೋಡಲು ಹೋಗಿದ್ದೆ. ರಿಬ್ಬನ್ ಬದಲಿಸಿ, ಚೀಟಿ ಸರಿಯಾಗಿ ಬರುತ್ತದೆಯೇ ಎಂದು ಪರೀಕ್ಷಿಸಲು ಹಾಲಿನ ಲೆಕ್ಕದ ತಂತ್ರಾಂಶದ ಸೆಟ್ಟಿಂಗ್ಸ್ ತೆರೆದೆ. ಸರ್ವರ್‌ನ (ಲೆಕ್ಕವೆಲ್ಲ ಹೋಗಿ ಸೇರುವ ಕಂಪನಿಯ ಕಂಪ್ಯೂಟರಿನ) ಪ್ರಮಾಣಪತ್ರ, ಎಂದರೆ ಅದು ಅಸಲಿ ಎಂದು ತೋರಿಸುವ ಗುರುತಿನ ಪತ್ರ, ಪರಿಶೀಲಿಸಬೇಕು ಎಂಬರ್ಥದ ಇಂಗ್ಲಿಷ್ ಸಾಲಿನ ಮುಂದಿದ್ದ ಪುಟ್ಟ ಚೌಕ ಖಾಲಿಯಾಗಿತ್ತು.

‘ಈ ಟಿಕ್ ಯಾರು ತೆಗೆದರಮ್ಮ?’ ಎಂದು ಕಾರ್ಯದರ್ಶಿಯವರನ್ನು ಕೇಳಿದೆ.

‘ವಾರದ ಹಿಂದೆ ಡೇಟಾ ಹೋಗುತ್ತಿರಲಿಲ್ಲ ಅಣ್ಣ. ತಂತ್ರಾಂಶದ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಅದನ್ನು ತೆಗೆದುಬಿಡಿ ಎಂದರು. ತೆಗೆದೆ, ಹೋಯಿತು’ ಎಂದರು.

ಈ ‘ಹೋಯಿತು’ ಎಂಬ ಮಾತು ನನ್ನನ್ನು ಅಂದಿನಿಂದ ಕಾಡುತ್ತಿದೆ. ಆ ತಂತ್ರಾಂಶದಿಂದ ಸರ್ವರ್‌ಗೆ ಹೋಗುವುದು ಇನ್ನೂರಕ್ಕೂ ಹೆಚ್ಚು ಸದಸ್ಯರ ಹೆಸರು, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ, ಹಾಲಿನ ಅಳತೆ, ಫ್ಯಾಟು, ಬಟವಾಡೆಯ ಮೊತ್ತ. ಟಿಕ್ ತೆಗೆದ ಮೇಲೂ ಅದೆಲ್ಲ ಗುಟ್ಟಾಗಿಯೇ, ಗೂಢಲಿಪಿಯಲ್ಲಿಯೇ ಹೋಗುತ್ತದೆ, ನಿಜ. ಆದರೆ ಯಾರ ಕೈಗೆ ಹೋಗುತ್ತಿದೆ ಎಂದು ನೋಡುವವರು ಇರುವುದಿಲ್ಲ. ನಡುವೆ ಯಾರಾದರೂ ‘ನಾನೇ ಸರ್ವರ್’ ಎಂದು ನಿಂತರೂ ತಂತ್ರಾಂಶ ಒಪ್ಪಿಕೊಂಡು ಎಲ್ಲವನ್ನೂ ಅವನ ಕೈಗೆ ಇಡುತ್ತದೆ.

ನಾನು ಟಿಕ್ ಮರಳಿ ಹಾಕಿದೆ. ತಕ್ಷಣ ಸಂಪರ್ಕ ಕಡಿದು ಕೆಂಪಕ್ಷರದ ಸಂದೇಶ ಬಂತು. ಇಂಥ ಸಂದೇಶ ಬಂದಾಗ ನಾನು ಮೊದಲು ನೋಡುವುದು ಪರದೆಯ ಬಲಮೂಲೆಯ ದಿನಾಂಕವನ್ನು. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತರೆ, ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ. ಆಗ ಇಂದಿನ ಪ್ರಮಾಣಪತ್ರವೆಲ್ಲ ಅದಕ್ಕೆ ಇನ್ನೂ ಹುಟ್ಟೇ ಇಲ್ಲದ ಪತ್ರ. ಸಿಆರ್2032 ಎಂಬ ಆ ಬ್ಯಾಟರಿ ಬದಲಿಸಿದರೆ ಮುಗಿಯುತ್ತದೆ. ನನಗೆ ಬರುವ ಇಂಥ ದೂರುಗಳಲ್ಲಿ ಬಹುಪಾಲು ಇದೇ. ಇಲ್ಲಿ ದಿನಾಂಕ ಸರಿಯಾಗಿತ್ತು. ಎರಡನೆಯದಾಗಿ, ಪ್ರಮಾಣಪತ್ರ ಕೊಟ್ಟವರು ಯಾರು ಎಂಬ ಸಾಲು ನೋಡಿದೆ. ಅಲ್ಲಿ ಆ್ಯಂಟಿವೈರಸ್ ಕಂಪನಿಯ ಹೆಸರಿದ್ದರೆ ಅದೇ ನಡುವೆ ನಿಂತು ಓದುತ್ತಿದೆ ಎಂದರ್ಥ. ಅದೂ ಅಲ್ಲ. ಮೊಬೈಲ್ ಇಂಟರ್ನೆಟ್‌ಗೆ ಜೋಡಿಸಿ ನೋಡಿದೆ, ಅದೇ ಸಂದೇಶ. ಆದರೆ ಅದೇ ವಿಳಾಸ ಕ್ರೋಮ್‌ನಲ್ಲಿ ಯಾವ ತಕರಾರೂ ಇಲ್ಲದೆ ತೆರೆಯಿತು.

ಸಹಾಯವಾಣಿಯವರೂ ಇದನ್ನೇ ಹಿಡಿದುಕೊಂಡಿದ್ದರು. ‘ಬ್ರೌಸರ್‌ನಲ್ಲಿ ತೆರೆಯುತ್ತದಲ್ಲ, ದೋಷ ನಿಮ್ಮ ಕಂಪ್ಯೂಟರಿನದು’ ಎಂದು ನನಗೂ ಹೇಳಿದರು. ಅದು ತಪ್ಪು. ಓದುಗರಿಗೆ ಅರ್ಥವಾಗುವಂತೆ ಹೇಳುವುದಾದರೆ, ನಾವು ಜಮೀನು ಕೊಳ್ಳುವಾಗ ಮಾರುವವನ ಕ್ರಯಪತ್ರ ಒಂದನ್ನೇ ನೋಡಿ ಹಣ ಕೊಡುವುದಿಲ್ಲ. ಅವನಿಗೆ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ಮೂಲಪತ್ರದ ತನಕ ಕೇಳುತ್ತೇವೆ. ಪ್ರಮಾಣಪತ್ರದ್ದೂ ಇದೇ ಕ್ರಮ. ಮೂಲದ್ದು ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಸರ್ವರ್ ತನ್ನ ಪತ್ರದ ಜೊತೆಗೆ ನಡುವಿನ ಪತ್ರವನ್ನೂ ತೋರಿಸಬೇಕು. ಕಂಪನಿಯವರು ತಮ್ಮ ಪ್ರಮಾಣಪತ್ರ ನವೀಕರಿಸಿದಾಗ ಆ ನಡುವಿನದನ್ನು ಸರ್ವರ್‌ನಲ್ಲಿ ಇಡಲು ಮರೆತಿದ್ದರು. ಕ್ರೋಮ್ ಅದನ್ನು ತಾನೇ ಹುಡುಕಿ ತಂದುಕೊಳ್ಳುತ್ತದೆ. ಈ ಹಾಲಿನ ತಂತ್ರಾಂಶಕ್ಕೆ ಆ ಶಕ್ತಿ ಇಲ್ಲ. ಕೊಂಡಿ ತಪ್ಪಿದೆ ಎಂದು ಅದು ನಿಂತಿದ್ದು ಸರಿಯಾಗಿಯೇ ಇತ್ತು.

ಓಪನ್‌ಎಸ್ಎಸ್ಎಲ್ ಎಂಬ ಉಚಿತ ಸಾಧನದಲ್ಲಿ ಒಂದೇ ಸಾಲಿನ ಆದೇಶ ಕೊಟ್ಟರೆ ಸರ್ವರ್ ಕಳುಹಿಸುವ ಪತ್ರಗಳೆಲ್ಲ ಕಾಣುತ್ತವೆ. ಬಂದದ್ದು ಒಂದೇ. ಆ ಪರದೆಯ ಚಿತ್ರವನ್ನು ಕಂಪನಿಗೆ ಮಿಂಚಂಚೆಯಲ್ಲಿ ಕಳುಹಿಸಿದೆ. ನಾಲ್ಕನೆಯ ದಿನ ಸರಿಪಡಿಸಿದರು. ಆ ನಾಲ್ಕು ದಿನವೂ ಸಂಘದಲ್ಲಿ ಬೆಳಿಗ್ಗೆ ಆರಕ್ಕೇ ಹಾಲು ಅಳೆದರು, ಚೀಟಿ ಕೊಟ್ಟರು. ಲೆಕ್ಕ ಕಂಪ್ಯೂಟರಿನಲ್ಲಿಯೇ ಉಳಿದಿದ್ದು, ಕೊನೆಗೆ ಒಟ್ಟಿಗೆ ಹೋಯಿತು. ಟಿಕ್ ತೆಗೆಸುವಂಥ ಯಾವ ತುರ್ತೂ ಇರಲಿಲ್ಲ ಎಂಬುದೇ ನನ್ನ ಸಂಕಟ.

‘ಅಷ್ಟಕ್ಕೂ ನಮ್ಮ ಹಾಲಿನ ಲೆಕ್ಕ ಯಾರಿಗೆ ಬೇಕಣ್ಣ?’ ಎಂದು ಕಾರ್ಯದರ್ಶಿಯವರು ಕೇಳಿದರು. ಅವರಿಗೆ 2011ರ ಸಂಗತಿ ಹೇಳಿದೆ. ನೆದರ್‌ಲೆಂಡ್ಸ್‌ನ ಡಿಜಿನೋಟಾರ್ ಎಂಬ ಪ್ರಮಾಣಪತ್ರ ಸಂಸ್ಥೆಗೆ ಕನ್ನ ಹಾಕಿದವರು ಗೂಗಲ್ ಹೆಸರಿನಲ್ಲಿ ನಕಲಿ ಪ್ರಮಾಣಪತ್ರ ಮಾಡಿಕೊಂಡರು. ಅದನ್ನು ಬಳಸಿ ಇರಾನಿನ ಜಿಮೇಲ್ ಬಳಕೆದಾರರ ಮೇಲೆ ಕಣ್ಣಿಡಲಾಯಿತು. ಅದು ಬಯಲಾದದ್ದು ಆ ದೇಶದ ಒಬ್ಬ ಸಾಮಾನ್ಯ ಬಳಕೆದಾರನಿಂದ. ಕ್ರೋಮ್ ತೋರಿಸಿದ ಎಚ್ಚರಿಕೆಯನ್ನು ದಾಟಿ ಹೋಗದೆ ಆತ ಗೂಗಲ್‌ನವರ ಗಮನಕ್ಕೆ ತಂದ. ಅದಾಗಿ ತಿಂಗಳೊಳಗೆ ಡಿಜಿನೋಟಾರ್ ದಿವಾಳಿಯಾಯಿತು. ಆ ದಿನ ಅವನ ದೂರು ಕೇಳಿ ‘ಟಿಕ್ ತೆಗೆಯಿರಿ’ ಎನ್ನುವ ದನಿಯೊಂದು ಆ ಕಡೆ ಇದ್ದಿದ್ದರೆ?

ಹಳೆಯ ಯಂತ್ರಗಳ ಕಷ್ಟ ಬೇರೆಯೇ. 2021ರ ಸೆಪ್ಟೆಂಬರ್ 30ರಂದು ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಮೂಲಪತ್ರದ ಅವಧಿ ಮುಗಿದಾಗ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಪ್ರಮಾಣಪತ್ರ ಬಳಸುವ ಎಷ್ಟೋ ತಾಣಗಳು ಹಳೆಯ ಕಂಪ್ಯೂಟರುಗಳಲ್ಲಿ ತೆರೆಯದಾದವು. ಅಂಥಲ್ಲಿ ಹೊಸ ಮೂಲಪತ್ರವನ್ನು ಕಂಪ್ಯೂಟರಿಗೆ ಸೇರಿಸಬೇಕು ಅಥವಾ ಕಂಪ್ಯೂಟರನ್ನೇ ಬದಲಿಸಬೇಕು.

ಇನ್ನು ಮುಂದೆ ಈ ತೊಂದರೆ ಹೆಚ್ಚುವ ಸಂಭವವೇ ಇದೆ. ಪ್ರಮಾಣಪತ್ರದ ಗರಿಷ್ಠ ಅವಧಿ 2020ರಿಂದ 398 ದಿನವಿತ್ತು. ಅದನ್ನು ಹಂತಹಂತವಾಗಿ ಇಳಿಸಿ 2029ರ ಮಾರ್ಚ್ 15ರಿಂದ 47 ದಿನಕ್ಕೆ ತರಲು ತೀರ್ಮಾನವಾಗಿದೆ. ಇದು ಸುರಕ್ಷತೆಗೆ ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ ನವೀಕರಿಸುವಾಗಲೇ ನಡುವಿನ ಪತ್ರ ಮರೆಯುವವರು, ವರ್ಷಕ್ಕೆ ಎಂಟು ಸಲ ಮಾಡಬೇಕಾದಾಗ ಎಷ್ಟು ಸಲ ಮರೆಯುತ್ತಾರೆ?

ಸಹಾಯವಾಣಿಯಲ್ಲಿ ಕುಳಿತ ಹುಡುಗ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮುಂದಿಟ್ಟ ಕಾಗದದಲ್ಲಿ ಹಾಗೆ ಬರೆದಿರುತ್ತದೆ. ಕಾಗದ ಬರೆದವರಲ್ಲಿ ನನ್ನ ಕೋರಿಕೆ: ರೈತರ ಖಾತೆ ಸಂಖ್ಯೆ ಮುಟ್ಟುವ ತಂತ್ರಾಂಶದಲ್ಲಿ ಪರಿಶೀಲನೆ ನಿಲ್ಲಿಸುವ ಆ ಚೌಕವನ್ನೇ ಇಡಬೇಡಿ. ದಿನಾಂಕ ತಪ್ಪಿದ್ದರೆ ‘ಕಂಪ್ಯೂಟರಿನ ದಿನಾಂಕ ನೋಡಿ’ ಎಂದು, ದೋಷ ಸರ್ವರ್‌ನದಾದರೆ ‘ನಮ್ಮ ಸರ್ವರ್‌ನಲ್ಲಿ ದೋಷವಿದೆ, ಕಾಯಿರಿ’ ಎಂದು ಕನ್ನಡದಲ್ಲಿ ತೋರಿಸಿ. ನವೀಕರಿಸಿದ ದಿನ ಬ್ರೌಸರ್‌ನಲ್ಲಿ ಮಾತ್ರವಲ್ಲ, ನಿಮ್ಮ ತಂತ್ರಾಂಶದಲ್ಲೂ ಒಮ್ಮೆ ಪರೀಕ್ಷಿಸಿ.

ಆ ಮಿಂಚಂಚೆಯ ನಂತರ ನಾನು ಇನ್ನೂ ಆರು ಸಂಘಗಳಿಗೆ ಹೋಗಿ ಬಂದೆ. ನಾಲ್ಕರಲ್ಲಿ ಟಿಕ್ ತೆಗೆದೇ ಇತ್ತು, ಹಾಕಿ ಬಂದಿದ್ದೇನೆ. ಸರ್ವರ್ ಸರಿಯಾದ ಮೇಲೂ ಅದನ್ನು ಮರಳಿ ಹಾಕಿ ಎಂದು ಅವರಿಗೆ ಯಾರೂ ಫೋನ್ ಮಾಡಿ ಹೇಳಿರಲಿಲ್ಲ. ನನ್ನ ಬೈಕು ತಲುಪದ ಊರುಗಳ ಪಟ್ಟಿ ಆ ಕಂಪನಿಯ ಬಳಿ ಇದೆ. ಯಾರ್‍ಯಾರಿಗೆ ತೆಗೆಯಲು ಹೇಳಿದರೋ ಅವರಿಗೆಲ್ಲ ಈ ವಾರವೇ ಕರೆ ಮಾಡಿ ಹಾಕಿಸಲಿ.

ಇಂತಿ,
ಕಂಪ್ಯೂಟರ್ ದುರಸ್ತಿಗಾರ
ಚನ್ನರಾಯಪಟ್ಟಣ, ಹಾಸನ ಜಿಲ್ಲೆ